ಹೊಗೆಸೊಪ್ಪು ಬಿಡಿಸುವ ಬಗೆ

ಹೊಗೆಸೊಪ್ಪು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗಿನಲ್ಲಿ ಬಂದು ನಮ್ಮ ಕರಾವಳಿಯಲ್ಲಿ ಇಳಿದು, ದಕ್ಷಿಣದಿಂದ ಉತ್ತರಕ್ಕೆ ಏರಿದ ಗಿಡ ಅದು. ಅಕ್ಬರ್ ಬಾದಶಹನ ಕೊನೆಯ ದಿನಗಳಲ್ಲಿ, ಸುಮಾರು 1604ರಲ್ಲಿ, ಅಸದ್ ಬೇಗ್ ಎಂಬ ಅಧಿಕಾರಿ ದೂತನಾಗಿ ಬಿಜಾಪುರದ ಆದಿಲಶಾಹಿ ಆಸ್ಥಾನಕ್ಕೆ ಹೋಗಿ ಬಂದ. ತಾನು ತಂಬಾಕನ್ನು ಮೊದಲು ಕಂಡದ್ದು ಬಿಜಾಪುರದಲ್ಲಿ ಎಂದೂ, ಅದನ್ನು ಅಂದವಾದ ಕೊಳವೆಯ ಸಮೇತ ಕೊಂಡೊಯ್ದು ಬಾದಶಹನ ಮುಂದೆ ಇಟ್ಟೆನೆಂದೂ ಅವನು ಬರೆದಿಟ್ಟಿದ್ದಾನೆ. ಬಾದಶಹ ಕುತೂಹಲದಿಂದ ಒಂದೆರಡು ಬಾರಿ ಸೇದಿದ. ಆಸ್ಥಾನದ ವೈದ್ಯ ಬೇಡವೆಂದು ತಡೆದ. ಬಾದಶಹನೇನೋ ಅಲ್ಲಿಗೆ ನಿಲ್ಲಿಸಿದ. ಆದರೆ ಅಮೀರರು ಸೇದತೊಡಗಿದರು, ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ. ಆಜ್ಞೆ ಇತಿಹಾಸದ ಪುಟದಲ್ಲಿ ಉಳಿಯಿತು. ತಂಬಾಕು ಜನರ ಬಾಯಿಯಲ್ಲಿ ಉಳಿಯಿತು.

ಈ ಸಣ್ಣ ಕಥೆಯನ್ನು ಮೊದಲಿಗೇ ಹೇಳಲು ಕಾರಣವಿದೆ. ಚಟವೊಂದನ್ನು ಬಿಡಿಸಲು ಮನುಷ್ಯ ಬಲ್ಲ ಹಳೆಯ ಉಪಾಯಗಳು ಎರಡು: ಬಲ್ಲವರ ಉಪದೇಶ, ಆಳುವವರ ಆಜ್ಞೆ. ಎರಡೂ ಈ ಕಥೆಯಲ್ಲಿವೆ, ಎರಡೂ ಸೋತಿವೆ. ನಾಲ್ಕು ಶತಮಾನಗಳ ತರುವಾಯವೂ ನಾವು ಬಹುಮಟ್ಟಿಗೆ ಅವೆರಡನ್ನೇ ನಂಬಿಕೊಂಡಿದ್ದೇವೆ. ಉಪದೇಶವನ್ನು ಗೋಡೆಯ ಮೇಲೆ ಬರೆಸುತ್ತೇವೆ, ಆಜ್ಞೆಯನ್ನು ಕಾನೂನಿನ ಪುಸ್ತಕದಲ್ಲಿ ಅಚ್ಚು ಹಾಕಿಸುತ್ತೇವೆ. ಮೂರನೆಯ ಹಾದಿಯೊಂದಿದೆ. ಅದು ನಿಧಾನದ ಹಾದಿ, ಕಾಲ್ನಡಿಗೆಯ ಹಾದಿ. ಬಡವರ ಕೇರಿಗೆ, ಗಿರಿಜನರ ಹಾಡಿಗೆ, ಕೂಲಿಗಾರರ ಬಿಡಾರಕ್ಕೆ ಹೋಗಿ, ಅವರ ಜೊತೆಯಲ್ಲಿ ಕುಳಿತು, ಮತ್ತೆ ಮತ್ತೆ ಹೋಗಿ ಹೊಗೆಸೊಪ್ಪನ್ನು ಬಿಡಿಸುವ ಹಾದಿ. ಆ ಹಾದಿಯಲ್ಲಿ ನಮ್ಮ ದೇಶದಲ್ಲಿ ಯಾರು ಎಷ್ಟು ದೂರ ನಡೆದಿದ್ದಾರೆ, ನಡೆದವರಿಗೆ ದೊರೆತದ್ದೇನು ಎಂಬುದನ್ನು ವಿವರಿಸುವುದು ಇಂದಿನ ಮಾತಿನ ಉದ್ದೇಶ.

ಆಸ್ಥಾನದ ವಿಲಾಸವಾಗಿ ಬಂದ ತಂಬಾಕು ಇಂದು ಹೆಚ್ಚಾಗಿ ಬಡವರ ವಸ್ತು. 2016-17ರಲ್ಲಿ ದೇಶದಾದ್ಯಂತ ವಯಸ್ಕರ ನಡುವೆ ನಡೆದ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15 ವರ್ಷ ದಾಟಿದವರ ಪೈಕಿ ಶೇಕಡಾ 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಕರ್ನಾಟಕದಲ್ಲಿ ಆ ಪ್ರಮಾಣ ಶೇಕಡಾ 22.8, ಗಂಡಸರಲ್ಲಿ 35.2, ಹೆಂಗಸರಲ್ಲಿ 10.3. ಪೇಟೆಯಲ್ಲಿ ಓದು ಬಲ್ಲವರಿಗೆ ತಂಬಾಕು ಎಂದೊಡನೆ ಸಿಗರೇಟು ಕಣ್ಣ ಮುಂದೆ ಬರುತ್ತದೆ. ಅಂಕಿಗಳು ಹೇಳುವುದು ಬೇರೆ. ಅದೇ ಸಮೀಕ್ಷೆಯ ವೇಳೆಗೆ ನಮ್ಮ ರಾಜ್ಯದಲ್ಲಿ ಹೊಗೆ ಸೇದುವವರು ಶೇಕಡಾ 8.8, ಬಾಯಿಗೆ ಹಾಕಿ ಜಗಿಯುವವರೇ ಮೊದಲಾದ ಹೊಗೆಯಿಲ್ಲದ ತಂಬಾಕಿನವರು ಶೇಕಡಾ 16.3. ಅಂದರೆ ನಮ್ಮ ತಂಬಾಕಿನ ಸಮಸ್ಯೆ ಹೊಗೆಯದಕ್ಕಿಂತ ಹೆಚ್ಚಾಗಿ ಜಗಿತದ್ದು. ಓದು ಕಡಿಮೆಯಾದಷ್ಟೂ, ಕೈಯಲ್ಲಿ ಕಾಸು ಕಡಿಮೆಯಾದಷ್ಟೂ ಬಳಕೆ ಏರುತ್ತದೆಂಬುದೂ ಇಂಥ ಸಮೀಕ್ಷೆಗಳು ತಪ್ಪದೆ ತೋರಿಸಿರುವ ಸಂಗತಿ.

ಬಡವರ ಬಾಯಿಯ ಈ ತಂಬಾಕಿಗೆ ಹೆಸರುಗಳು ಹಲವು. ಎಲೆ ಅಡಿಕೆಯ ಜೊತೆಗೆ ಮುರಿದು ಹಾಕಿಕೊಳ್ಳುವ ಹೊಗೆಸೊಪ್ಪು, ಎಲೆಯ ಕಡ್ಡಿಯನ್ನು ಪುಡಿ ಮಾಡಿ ಪೊಟ್ಟಣ ಕಟ್ಟಿದ ಕಡ್ಡಿಪುಡಿ, ಮೂಗಿಗೆ ಏರಿಸುವ, ಕೆಲವೆಡೆ ಹಲ್ಲಿಗೆ ತಿಕ್ಕುವ ನಶ್ಯ, ಕೈಯಲ್ಲಿ ಸುತ್ತಿದ ಬೀಡಿ. ಶಿಶುನಾಳ ಶರೀಫರ ಕಾಲಕ್ಕೆ ಗುಡುಗುಡಿ ನಮ್ಮ ಹಳ್ಳಿಯ ಜೀವನದಲ್ಲಿ ಎಷ್ಟು ಬೆರೆತುಹೋಗಿತ್ತೆಂದರೆ ಅವರು ಅದನ್ನೇ ಅಧ್ಯಾತ್ಮದ ರೂಪಕ ಮಾಡಿ ಹಾಡಿದರು. ಉತ್ತರ ಕನ್ನಡದ ಕಡೆ ‘ಕವಳ’ ಹಾಕುವುದು ಮಾತುಕತೆಯ ಪೀಠಿಕೆ. ಒಂದು ವಸ್ತು ಹಾಡಿಗೂ ಆದರಕ್ಕೂ ಹರಟೆಗೂ ಹೀಗೆ ಸೇರಿಕೊಂಡ ಮೇಲೆ ಅದನ್ನು ಬರಿಯ ವಿಷವೆಂದು ಕರೆದು ಹೊರಗೆಸೆಯುವುದು ಸುಲಭವಲ್ಲ.

ನನ್ನ ಬಾಲ್ಯದ ನೆನಪೊಂದನ್ನು ಇಲ್ಲಿ ಹೇಳುತ್ತೇನೆ. ನಮ್ಮ ಮನೆಯ ಗದ್ದೆಯ ಕೆಲಸಕ್ಕೆ ಆಳುಗಳು ಬರುತ್ತಿದ್ದರು. ಬಿಸಿಲೇರಿದ ಹೊತ್ತಿಗೆ ಅಜ್ಜಿ ಒಂದು ಮರದ ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ತುಂಡುಗಳನ್ನಿಟ್ಟು ಜಗಲಿಯ ಅಂಚಿಗೆ ಸರಿಸುತ್ತಿದ್ದರು. ಊಟದ ಹೊತ್ತು ಮೀರಿದ ದಿನಗಳುಂಟು. ಆ ತಟ್ಟೆ ಬರುವುದು ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ. ಅದು ಅಜ್ಜಿಯ ಔದಾರ್ಯವೆಂದು ನಾನು ಬಹುಕಾಲ ತಿಳಿದಿದ್ದೆ. ಆ ತುಂಡು ಬಾಯಿಗೆ ಬಿದ್ದ ಮೇಲೆ ಹಸಿವು ಒಂದೆರಡು ತಾಸು ಹಿಂದೆ ಸರಿಯುತ್ತದೆ, ಬೆನ್ನು ಇನ್ನೊಂದಿಷ್ಟು ಬಾಗುತ್ತದೆ, ನಾಟಿ ಇನ್ನೊಂದು ಸಾಲು ಮುಂದೆ ಹೋಗುತ್ತದೆ ಎಂಬುದು ಅರ್ಥವಾದದ್ದು ಬಲು ತಡವಾಗಿ. ಕೊಟ್ಟವರಿಗೂ ಲಾಭ, ಪಡೆದವರಿಗೂ ಸಮಾಧಾನ. ಲೆಕ್ಕ ಚುಕ್ತಾ ಆಗುತ್ತಿದ್ದುದು ಮಾತ್ರ ಪಡೆದವರ ಮೈಯಲ್ಲಿ.

ಬಡವನು ತಂಬಾಕು ಹಾಕುವುದು ಅಜ್ಞಾನದಿಂದ ಎನ್ನುವವರು ಈ ತಟ್ಟೆಯನ್ನು ನೆನೆಯಬೇಕು. ತಂಬಾಕಿನಲ್ಲಿರುವ ನಿಕೋಟಿನ್ ಹಸಿವನ್ನು ಅಡಗಿಸುತ್ತದೆ. ಕ್ಷಣಕಾಲ ಎಚ್ಚರವನ್ನೂ ಸಮಾಧಾನವನ್ನೂ ಒಟ್ಟಿಗೆ ಕೊಡುತ್ತದೆ. ರಾತ್ರಿ ಲಾರಿ ಓಡಿಸುವವನಿಗೆ ನಿದ್ದೆಯ ವಿರುದ್ಧ ಅದೇ ಆಯುಧ. ಚರಂಡಿ ತೋಡುವವನಿಗೆ ದುರ್ವಾಸನೆಯ ವಿರುದ್ಧ ಅದೇ ಮರೆ. ಹಲ್ಲುನೋವಿನ ಹೆಂಗಸಿಗೆ ವೈದ್ಯರಿಲ್ಲದ ಊರಿನಲ್ಲಿ ಅದೇ ಮದ್ದು. ಈ ಕಾರಣಗಳನ್ನು ಅರಿಯದೆ, ‘ಇದು ಕೆಟ್ಟದ್ದು, ಬಿಡು’ ಎನ್ನುವುದು, ಊರುಗೋಲು ಹಿಡಿದವನಿಗೆ ‘ಕೋಲು ಎಸೆ’ ಎಂದಂತೆ. ಎಸೆಯುವ ಮೊದಲು ಅವನು ಕೇಳುವುದು ಒಂದೇ: ನಡೆಯುವುದು ಹೇಗೆ?

ಆದರೆ ಈ ಊರುಗೋಲು ಹಿಡಿದ ಕೈಯನ್ನೇ ಕೊರೆಯುವಂಥದು. ಕ್ರಮ ಹೀಗಿದೆ. ಜಗಿಯುವವರು ಹೊಗೆಸೊಪ್ಪಿನ ಉಂಡೆಯನ್ನು ದಿನವೂ ಒಂದೇ ಕಡೆ, ಕೆನ್ನೆಗೂ ಒಸಡಿಗೂ ನಡುವೆ, ಅದುಮಿಡುತ್ತಾರೆ. ಕೆಲವರು ಅದನ್ನಿಟ್ಟುಕೊಂಡೇ ಮಲಗುತ್ತಾರೆ. ವರ್ಷಗಳು ಕಳೆದಂತೆ ಅಲ್ಲಿನ ಒಳಚರ್ಮ ಬಿಳುಪಾಗಿ, ದಪ್ಪವಾಗಿ, ಒರೆಸಿದರೂ ಹೋಗದ ಮಚ್ಚೆಯಾಗುತ್ತದೆ. ಅದು ನೋಯುವುದಿಲ್ಲ, ಆದ್ದರಿಂದ ಯಾರೂ ಗಮನಿಸುವುದಿಲ್ಲ. ಇಂಥ ಮಚ್ಚೆಗಳಲ್ಲಿ ಕೆಲವು ಮುಂದೆ ಹುಣ್ಣಾಗಿ, ಕ್ಯಾನ್ಸರ್ ಆಗುತ್ತವೆ. ಗುಟ್ಕಾ, ಪಾನ್ ಮಸಾಲೆಗಳ ಅಡಿಕೆಯಿಂದ ಬರುವ ಇನ್ನೊಂದು ಕೇಡಿನಲ್ಲಿ ಕೆನ್ನೆಯ ಒಳಮೈ ಬಿಗಿಯುತ್ತ ಹೋಗಿ, ಕೊನೆಗೆ ತುತ್ತಿಡುವಷ್ಟೂ ಬಾಯಿ ತೆರೆಯಲಾಗುವುದಿಲ್ಲ. ಅಡಿಕೆ ಬೆಳೆಯುವ ನಮ್ಮ ನಾಡಿಗೆ ಹೇಳಲು ಕಹಿಯಾದ ಮಾತು ಇದು. ಆದರೆ ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು.

ಇಷ್ಟರ ನಡುವೆ ಒಂದು ದೊಡ್ಡ ಅನುಕೂಲವೂ ಇದೆ. ಹೊಟ್ಟೆಯ ರೋಗ, ಎದೆಯ ರೋಗ ಕಣ್ಣಿಗೆ ಕಾಣವು. ಬಾಯಿಯ ರೋಗ ಒಂದು ಕನ್ನಡಿ, ಒಂದು ಬ್ಯಾಟರಿ ದೀಪ ಇದ್ದರೆ ಸ್ವತಃ ರೋಗಿಗೇ ಕಾಣುತ್ತದೆ. ಬಿಳಿ ಮಚ್ಚೆಯ ಕಾಲದಲ್ಲಿ ತಂಬಾಕು ಬಿಟ್ಟರೆ ಎಷ್ಟೋ ಮಚ್ಚೆಗಳು ತಾವಾಗಿಯೇ ಮಾಯುತ್ತವೆ. ಜನರ ಬಳಿಗೆ ಹೋಗಿ ಕೆಲಸ ಮಾಡಿದವರೆಲ್ಲ ಬಳಸಿಕೊಂಡ ಕೀಲಿಕೈ ಇದೇ.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧನಾ ವಿಭಾಗದವರು ಈ ದಿಕ್ಕಿನಲ್ಲಿ ಮೊದಲಿಗರ ಪೈಕಿ. 1977ರ ಸುಮಾರಿಗೆ ಅವರು ಕೇರಳದ ಎರ್ನಾಕುಳಂ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ ಈ ಮೂರು ಜಿಲ್ಲೆಗಳ ಹಳ್ಳಿಗಳಲ್ಲಿ ತಂಬಾಕು ಬಳಸುವ ಸುಮಾರು 36 ಸಾವಿರ ಜನರನ್ನು ಮನೆಮನೆಗೆ ಹೋಗಿ ಗುರುತಿಸಿದರು. ಮೂರು ಕಡೆಯ ರೂಢಿಯೂ ಬೇರೆ ಬೇರೆ. ಎರ್ನಾಕುಳಂನಲ್ಲಿ ವೀಳ್ಯದ ಜೊತೆಗಿನ ಹೊಗೆಸೊಪ್ಪು ಮತ್ತು ಬೀಡಿ. ಶ್ರೀಕಾಕುಳಂನ ಹೆಂಗಸರು ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವವರು. ಅದರ ಬಿಸಿಗೆ ಅವರ ಅಂಗುಳವೇ ಬೇಯುತ್ತಿತ್ತು. ಸಂಶೋಧಕರು ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಬಾಯಿಯನ್ನೂ ಪರೀಕ್ಷಿಸಿದರು. ಕಂಡದ್ದನ್ನು ಅವರವರಿಗೇ ವಿವರಿಸಿದರು. ಚಿತ್ರ ತೋರಿಸಿ ಬಿಡಲು ಕೇಳಿಕೊಂಡರು. ಒಂದು ಬಾರಿ ಹೇಳಿ ಕೈತೊಳೆದುಕೊಳ್ಳಲಿಲ್ಲ. ವರ್ಷವರ್ಷವೂ ಅದೇ ಮನೆಯ ಬಾಗಿಲಿಗೆ ಹೋದರು. ಎರ್ನಾಕುಳಂನಲ್ಲಿ ಐದು ವರ್ಷಗಳ ಬಳಿಕ ಲೆಕ್ಕ ಹಾಕಿದಾಗ, ಹೊಸದಾಗಿ ಬಿಳಿ ಮಚ್ಚೆ ಮೂಡುವ ಪ್ರಮಾಣ, ಇಂಥ ತಿಳಿವಳಿಕೆ ದೊರೆಯದ ಹಿಂದಿನ ಕಾಲದ ಜನರಿಗೆ ಹೋಲಿಸಿದರೆ, ಗಂಡಸರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿದಿತ್ತು. ಹೆಂಗಸರಲ್ಲಿ ಇನ್ನೂ ಕೆಳಗೆ. 1986ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಗಮನಿಸಬೇಕಾದುದೆಂದರೆ, ಪೂರ್ತಿ ಬಿಟ್ಟವರ ಸಂಖ್ಯೆ ದೊಡ್ಡದಾಗಿರಲಿಲ್ಲ. ಬಹಳ ಮಂದಿ ಕಡಿಮೆ ಮಾಡಿದ್ದರು, ಅಷ್ಟೆ. ಅಷ್ಟರಿಂದಲೇ ಬಾಯಿಗಳು ಈ ಮಟ್ಟಿಗೆ ಉಳಿದವು.

ಅದೇ 1986ರಲ್ಲಿ ನಮ್ಮ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ಕೆಲಸ ಆರಂಭವಾಯಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ವೈದ್ಯರು 117 ಹಳ್ಳಿಗಳನ್ನು ಆರಿಸಿಕೊಂಡರು. ಹೋಲಿಕೆಗಾಗಿ ಬೇರೆ ಎರಡು ಗುಂಪು ಹಳ್ಳಿಗಳನ್ನು ಇಟ್ಟುಕೊಂಡರು. ಈ ಪ್ರಯತ್ನದ ವಿಶೇಷವೆಂದರೆ, ದೂರದ ತಜ್ಞರು ಬಂದು ಭಾಷಣ ಮಾಡುವುದಕ್ಕಿಂತ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಅವರ ಕೈಯಿಂದ ಕೆಲಸ ಮಾಡಿಸಿದ್ದು. ಮಕ್ಕಳಿಗೆ ಚುಚ್ಚುಮದ್ದು ಹಾಕಲು, ಮಲೇರಿಯಾಕ್ಕೆ ರಕ್ತ ತೆಗೆಯಲು ಹೇಗೂ ಮನೆಗೆ ಬರುವ ಪರಿಚಿತ ಮುಖಗಳವು. ಊರಿನಲ್ಲಿ ಚಲನಚಿತ್ರ ತೋರಿಸಿದರು, ವಸ್ತುಪ್ರದರ್ಶನ ಇಟ್ಟರು. ಎಲ್ಲಕ್ಕಿಂತ ಮಿಗಿಲಾಗಿ, ಬಾಯಿಯ ರೋಗದ ಛಾಯಾಚಿತ್ರಗಳನ್ನು ಕೈಯಲ್ಲಿ ಹಿಡಿದು ಒಬ್ಬೊಬ್ಬರೊಡನೆ ಮಾತಾಡಿದರು.

ಆ ಮಾತುಕತೆ ಹೇಗೆ ನಡೆದೀತು ಎಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಜಗಲಿಯಲ್ಲಿ ಕುಟ್ಟಾಣಿ ಹಿಡಿದು ಕುಳಿತ ಮುದುಕಿ. ಎದುರಿಗೆ ಚೀಲ ಇಳಿಸಿ ಕುಳಿತ ದಾದಿ.

“ಎಲ್ಲಿ ಅಜ್ಜಿ, ಬಾಯಿ ಸ್ವಲ್ಪ ತೆಗಿ, ನೋಡ್ತೀನಿ.”

“ಹಲ್ಲೇ ಇಲ್ವಲ್ಲ ತಾಯಿ, ಏನು ನೋಡ್ತೀಯ?”

“ಹಲ್ಲು ನೋಡಾಕಲ್ಲಜ್ಜಿ, ಕೆನ್ನೆ ನೋಡಾಕೆ.”

ಮುದುಕಿ ನಗುತ್ತಾಳೆ. ನಗುತ್ತ ಬಾಯಿ ತೆರೆಯುತ್ತಾಳೆ. ದಾದಿ ಕನ್ನಡಿ ಹಿಡಿಯುತ್ತಾಳೆ. ಎಡಗೆನ್ನೆಯ ಒಳಗಿನ ಬಿಳಿಯನ್ನೂ ಚೀಲದಲ್ಲಿದ್ದ ಚಿತ್ರವನ್ನೂ ಒಟ್ಟಿಗೆ ತೋರಿಸುತ್ತಾಳೆ. ಆಮೇಲೆ ಅವಳು ಉಪದೇಶ ಮಾಡಬೇಕಾದ್ದೇನೂ ಉಳಿಯುವುದಿಲ್ಲ. ಗೋಡೆಯ ಮೇಲಿನ ಬರಹ ಯಾರದೋ ಬಾಯಿಯ ಸುದ್ದಿ. ಕನ್ನಡಿಯಲ್ಲಿ ಕಂಡದ್ದು ತನ್ನ ಬಾಯಿಯ ಸುದ್ದಿ.

ಕೆಲವು ವರ್ಷಗಳ ನಂತರ ಮತ್ತೆ ಮನೆಮನೆಗೆ ಹೋಗಿ ವಿಚಾರಿಸಿದಾಗ, ಆ 117 ಹಳ್ಳಿಗಳಲ್ಲಿ ತಂಬಾಕು ಬಳಸುತ್ತಿದ್ದ ಗಂಡಸರಲ್ಲಿ ಶೇಕಡಾ 26.5, ಹೆಂಗಸರಲ್ಲಿ ಶೇಕಡಾ 36.7 ಮಂದಿ ಬಿಟ್ಟಿದ್ದರು. ಹೋಲಿಕೆಯ ಹಳ್ಳಿಗಳಲ್ಲಿ ಬಿಟ್ಟವರು ಬಲು ವಿರಳ. 1995ರಲ್ಲಿ ಪ್ರಕಟವಾದ ಈ ಲೆಕ್ಕ ನಮ್ಮ ಹಳ್ಳಿಗರ ಬಗ್ಗೆ ಪಟ್ಟಣಿಗರಾದ ನಾವು ಇಟ್ಟುಕೊಂಡ ಒಂದು ಪೂರ್ವಗ್ರಹವನ್ನು ಸದ್ದಿಲ್ಲದೆ ಮುರಿಯುತ್ತದೆ. ‘ಅವರು ಹೇಳಿದರೆ ಕೇಳುವವರಲ್ಲ’ ಎನ್ನುತ್ತೇವೆ. ಹೇಳಲು ನಾವು ಹೋಗಿರಲಿಲ್ಲ ಎಂಬುದೇ ನಿಜ. ಹೆಂಗಸರು ಗಂಡಸರಿಗಿಂತ ಹೆಚ್ಚಾಗಿ ಬಿಟ್ಟರೆಂಬುದು ಇನ್ನೂ ಯೋಚಿಸಬೇಕಾದ ವಿಷಯ. ಇಡೀ ಜನ್ಮದಲ್ಲಿ ಆಕೆಯ ಬಾಯಿಯ ಆರೋಗ್ಯವನ್ನು ಕೇಳಿದವರು ಯಾರೂ ಇರಲಿಲ್ಲ. ಒಬ್ಬರು ಕೇಳಿದರು, ಆಕೆ ಓಗೊಟ್ಟಳು ಎಂದು ನನಗೆ ತೋರುತ್ತದೆ.

ಈಗ ಇದಕ್ಕೆ ಎದುರಾಗಿ ಇನ್ನೊಂದು ಲೆಕ್ಕವನ್ನು ಇಡಬೇಕು. ದೆಹಲಿಯ ಬಡವರ 32 ಬಸ್ತಿಗಳಲ್ಲಿ ತಂಬಾಕು ಬಳಸುವ 1,213 ಮಂದಿಯ ನಡುವೆ ನಡೆದ ಒಂದು ಪ್ರಯೋಗದ ಫಲ 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಬಸ್ತಿಗಳಲ್ಲಿ ಕಾರ್ಯಕರ್ತರು ಮನೆಗೆ ಹೋಗಿ ಒಂದೇ ಒಂದು ಬಾರಿ ಕುಳಿತು ಮಾತಾಡಿದರು. ತಂಬಾಕಿನ ಸೆಳೆತ ಬಂದಾಗ ಮಾಡಬೇಕಾದ ಉಸಿರಾಟದ ಯೋಗಾಭ್ಯಾಸವನ್ನು ಕಲಿಸಿದರು. ಉಳಿದ ಬಸ್ತಿಗಳಲ್ಲಿ ‘ಬಿಡುವುದು ಒಳ್ಳೆಯದು’ ಎಂಬ ಚುಟುಕು ಸಲಹೆ ಮಾತ್ರ. ಆರು ತಿಂಗಳ ನಂತರ, ಬರಿಯ ಬಾಯಿಮಾತನ್ನು ನಂಬದೆ, ಪರೀಕ್ಷೆಯಿಂದ ಖಚಿತಪಡಿಸಿಕೊಂಡಾಗ, ಮೊದಲಿನವರಲ್ಲಿ ಶೇಕಡಾ 2.6, ಎರಡನೆಯವರಲ್ಲಿ ಶೇಕಡಾ 0.5 ಮಂದಿ ಬಿಟ್ಟು ಉಳಿದಿದ್ದರು. ಐದು ಪಟ್ಟು ಎನ್ನಬಹುದು, ಸಂತೋಷಪಡಬಹುದು. ನೂರರಲ್ಲಿ 97 ಮಂದಿ ಇನ್ನೂ ಅಲ್ಲಿಯೇ ಇದ್ದಾರೆ ಎಂದೂ ಹೇಳಬಹುದು, ಚಿಂತಿಸಬಹುದು.

ಕೋಲಾರದ ಲೆಕ್ಕ ಜನರು ಹೇಳಿದ್ದನ್ನು ನಂಬಿದ ಲೆಕ್ಕ. ದೆಹಲಿಯದು ಪರೀಕ್ಷೆ ಮಾಡಿ ನೋಡಿದ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದು ಸರಿಯಲ್ಲ. ಆದರೂ ಇವೆರಡನ್ನು ಕೂಡಿಸಿ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಒಂದು ಸಾರಿಯ ಭೇಟಿ ವ್ಯರ್ಥವಲ್ಲ, ಆದರೆ ಅದು ಬಿತ್ತನೆ ಮಾತ್ರ. ನೀರು ಹಾಯಿಸಲು, ಕಳೆ ಕೀಳಲು ಮತ್ತೆ ಹೋಗಬೇಕು. ಹೊಗೆಸೊಪ್ಪು ಬಿಡಿಸುವ ಕೆಲಸದಲ್ಲಿ ಜಾಣತನಕ್ಕಿಂತ ಹೆಚ್ಚು ಬೆಲೆ ಮರುಭೇಟಿಗೆ. ತಿರುವನಂತಪುರದ 13 ಪಂಚಾಯತಿಗಳಲ್ಲಿ 1996ರಿಂದ ನಡೆದ ಇನ್ನೊಂದು ದೊಡ್ಡ ಕೆಲಸವೂ ಇದನ್ನೇ ಹೇಳುತ್ತದೆ. ಅಲ್ಲಿ ತರಬೇತಿ ಪಡೆದ, ವೈದ್ಯರಲ್ಲದ ಆರೋಗ್ಯ ಕಾರ್ಯಕರ್ತರು ಮನೆಮನೆಯಲ್ಲಿ ಜನರ ಬಾಯಿಯನ್ನು ಸುತ್ತು ಸುತ್ತಾಗಿ ಮೂರು ಬಾರಿ ಪರೀಕ್ಷಿಸಿದರು, ತಂಬಾಕು ಬಿಡಲು ಹೇಳಿದರು, ಸಂಶಯ ಬಂದವರನ್ನು ವೈದ್ಯರಲ್ಲಿಗೆ ಕಳಿಸಿದರು. ಸುಮಾರು ಒಂಬತ್ತು ವರ್ಷಗಳಲ್ಲಿ ತಂಬಾಕು ಅಥವಾ ಮದ್ಯ ಬಳಸುವವರ ನಡುವೆ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆಯಾಯಿತು.

ಬಾನುಲಿಯ ಪಾಲನ್ನೂ ಇಲ್ಲಿ ನೆನೆಯಬೇಕು. 1990ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಆಕಾಶವಾಣಿಯೂ ಸೇರಿ ಮಾದಕವಸ್ತು, ಮದ್ಯ, ತಂಬಾಕುಗಳ ಮೇಲೆ 30 ಕಂತುಗಳ ಸರಣಿಯನ್ನು ದೇಶದ ಹಲವು ಭಾಷೆಗಳಲ್ಲಿ ವಾರವಾರ ಪ್ರಸಾರ ಮಾಡಿದವು. ಅದರ ಪರಿಣಾಮವನ್ನು ಕರ್ನಾಟಕ ಮತ್ತು ಗೋವಾಗಳಲ್ಲಿ ಪರಿಶೀಲಿಸಿದಾಗ ಕೇಳಿದವರಲ್ಲಿ ಒಂದಷ್ಟು ಮಂದಿ ಬಿಟ್ಟೆವೆಂದು ಹೇಳಿದರು. ಪ್ರಮಾಣ ಚಿಕ್ಕದು. ಧ್ವನಿ ಬಹುದೂರ ಹೋಗುತ್ತದೆ. ಆದರೆ ಅದು ಎದುರಿಗೆ ಕೂರಲಾರದು, ಬಾಯಿ ತೆರೆಯೆನ್ನಲಾರದು. ಬಾನುಲಿಯಲ್ಲಿ ಮಾತಾಡುವ ನನ್ನಂಥವರು ಈ ಮಿತಿಯನ್ನು ಒಪ್ಪಿಕೊಳ್ಳುವುದು ಮೇಲು.

ಹಾಗಾದರೆ ಎದುರಿಗೆ ಹೋಗಿ ಕುಳಿತವರು ಮಾಡಬೇಕಾದ್ದೇನು? ಮೊದಲನೆಯದಾಗಿ, ಹೋಗುವವರು ಆ ಕೇರಿಯ ಮಾತನ್ನು ಆಡುವವರಾಗಿರಬೇಕು. ಸಾಧ್ಯವಾದರೆ ಆ ಕೇರಿಯವರೇ ಆಗಿರಬೇಕು. 2005ರಿಂದ ಈಚೆಗೆ ಹಳ್ಳಿಹಳ್ಳಿಯಲ್ಲಿ ಇರುವ ಆಶಾ ಕಾರ್ಯಕರ್ತೆ ಇದಕ್ಕೆ ಹೇಳಿ ಮಾಡಿಸಿದಂತಿದ್ದಾಳೆ. ತಾನು ಹಿಂದೆ ಹೊಗೆಸೊಪ್ಪು ಹಾಕುತ್ತಿದ್ದು ಬಿಟ್ಟವಳಾದರೆ ಅವಳ ಒಂದು ಮಾತಿಗೆ ವೈದ್ಯರ ಹತ್ತು ಮಾತಿನ ತೂಕ. ಎರಡನೆಯದಾಗಿ, ಹೇಳುವ ಮೊದಲು ಕೇಳಬೇಕು: ಯಾವಾಗ ಹಾಕುತ್ತೀಯ, ಯಾಕೆ ಹಾಕುತ್ತೀಯ, ದಿನಕ್ಕೆ ಎಷ್ಟು ಹಣ? ದಿನಕ್ಕೆ 20 ರೂಪಾಯಿ ಎಂದು ಅವನೇ ಹೇಳಿದರೆ, ವರ್ಷಕ್ಕೆ 7,300 ಎಂದು ಅವನ ಎದುರಿಗೇ ಕೂಡಿಸಬೇಕು. ಆ ಮೊತ್ತದಲ್ಲಿ ಒಂದು ಮೇಕೆಯೋ ಮಕ್ಕಳ ಓದಿನ ಖರ್ಚೋ ಅವನಿಗೇ ಕಾಣುತ್ತದೆ.

ಮೂರನೆಯದಾಗಿ, ಬಿಟ್ಟಾಗ ಆಗುವುದೇನೆಂದು ಮುಚ್ಚಿಡದೆ ಹೇಳಬೇಕು. ಮೊದಲ ಎರಡು ಮೂರು ದಿನ ತಲೆ ಭಾರ, ಸಿಡುಕು, ನಿದ್ದೆಗೇಡು. ಮೂರು ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಸೆಳೆತ ಬಂದಾಗ ಅದು ಯುಗದಂತೆ ಕಂಡರೂ ಇರುವುದು ಕೆಲವೇ ನಿಮಿಷ. ನೀರು ಕುಡಿದು, ಒಂದು ಲವಂಗವನ್ನೋ ನಾಲ್ಕು ಕಾಳು ಜೀರಿಗೆಯನ್ನೋ ಬಾಯಿಗೆ ಹಾಕಿಕೊಂಡು, ದೀರ್ಘವಾಗಿ ಉಸಿರಾಡಿ ಆ ನಿಮಿಷಗಳನ್ನು ದಾಟಬೇಕು. ನಾಲ್ಕನೆಯದು, ಬಿಟ್ಟವನು ಮತ್ತೆ ಹಿಡಿದರೆ ಹಂಗಿಸಬಾರದು. ಹಬ್ಬದಲ್ಲಿ, ಸಾವಿನ ಮನೆಯಲ್ಲಿ, ಸಂತೆಯ ಕಟ್ಟೆಯಲ್ಲಿ ಒಬ್ಬರಲ್ಲ ಒಬ್ಬರು ಎಲೆಯನ್ನು ಮುಂದೆ ಚಾಚುತ್ತಾರೆ. ಹೆಚ್ಚಿನವರು ಹಲವು ಸಾರಿ ಬಿಟ್ಟು ಹಿಡಿದ ಮೇಲೆಯೇ ಪೂರ್ತಿ ಬಿಡುತ್ತಾರೆ. ಆದ್ದರಿಂದಲೇ ಒಬ್ಬೊಬ್ಬರನ್ನು ಬಿಡಿಸುವುದರ ಜೊತೆಗೆ ಕೇರಿಯ ಹಿರಿಯರನ್ನೂ ಹೆಂಗಸರ ಸ್ವಸಹಾಯ ಸಂಘವನ್ನೂ ಒಪ್ಪಿಸಿ, ಮದುವೆಯ ತಾಂಬೂಲದ ತಟ್ಟೆಯಿಂದ ಹೊಗೆಸೊಪ್ಪನ್ನು ತೆಗೆಸುವುದು ಅಗತ್ಯ. ಬಿಡುವವನು ಒಂಟಿಯಾಗಬಾರದು.

ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. 2003ರ ಕೇಂದ್ರ ಕಾಯಿದೆಯಿಂದ ಜಾಹೀರಾತು ನಿಂತಿತು. ಶಾಲೆಯ ನೂರು ಗಜದೊಳಗೆ ಮಾರಬಾರದೆಂಬ ನಿಯಮ ಬಂತು. 2013ರಲ್ಲಿ ಕರ್ನಾಟಕ ಗುಟ್ಕಾವನ್ನು ನಿಷೇಧಿಸಿತು. ಅದರ ಬೆನ್ನಿಗೇ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯಲ್ಲಿ ಜೋಡಿಯಾಗಿ ತೂಗತೊಡಗಿದವು. ಬಿಡಲು ಬಯಸುವವರಿಗೆ ಸಲಹೆ ಕೊಡುವ ಉಚಿತ ದೂರವಾಣಿ 2016ರಲ್ಲಿ ಆರಂಭವಾಗಿ, 2018ರಿಂದ ಅದರ ಸಂಖ್ಯೆ 1800-11-2356 ತಂಬಾಕಿನ ಪೊಟ್ಟಣಗಳ ಮೇಲೆಯೇ ಅಚ್ಚಾಗತೊಡಗಿತು. ಒಳ್ಳೆಯ ಕೆಲಸ. ಆದರೆ ಬಿಡಿಯಾಗಿ ಎರಡು ಬೀಡಿ ಕೊಳ್ಳುವವನ ಕೈಗೆ ಪೊಟ್ಟಣವೇ ಬರುವುದಿಲ್ಲ. ಅಕ್ಷರ ಬಾರದವಳಿಗೆ ಆ ಸಂಖ್ಯೆಯನ್ನು ಓದಿ ಹೇಳುವವರು ಬೇಕು. ಕಾನೂನು ನಿಲ್ಲುವ ಹೊಸ್ತಿಲಿನಿಂದ ಮುಂದಕ್ಕೆ ಮನುಷ್ಯರೇ ನಡೆಯಬೇಕು.

ನಡೆದು ಹೋದವರಿಗೆ ಎದುರಾಗುವ ಒಂದು ಕಠಿಣ ಪ್ರಶ್ನೆಯನ್ನೂ ಮರೆಮಾಚಬಾರದು. ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ಸಿಗರೇಟಿನ ತಂಬಾಕು, ನಿಪ್ಪಾಣಿಯ ಸುತ್ತ ಬೀಡಿಯ ತಂಬಾಕು ಬೆಳೆಯುತ್ತದೆ. ದಕ್ಷಿಣ ಕನ್ನಡದ ಅಸಂಖ್ಯ ಮನೆಗಳಲ್ಲಿ ಹೆಂಗಸರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಅದರ ಧೂಳನ್ನು ಅವರೂ ಉಸಿರಾಡಿದ್ದಾರೆ. ‘ಎಲ್ಲರೂ ಬಿಟ್ಟರೆ ನಮ್ಮ ಗಂಜಿಗೇನು?’ ಎಂದು ಅವರು ಕೇಳಿದರೆ ಉತ್ತರ ನಮ್ಮಲ್ಲಿರಬೇಕು. ಪಕ್ಕದ ಕಣ್ಣೂರಿನಲ್ಲಿ 1969ರಲ್ಲಿ ಕಾರ್ಮಿಕರೇ ಕಟ್ಟಿದ ದಿನೇಶ್ ಬೀಡಿ ಸಹಕಾರ ಸಂಘ, ಬೀಡಿಯ ಬೇಡಿಕೆ ಕುಗ್ಗಿದಾಗ ಮಸಾಲೆ ಪುಡಿ, ಕೊಡೆ ಮುಂತಾದುವುಗಳ ತಯಾರಿಕೆಗೆ ಹೊರಳಿತು. ಎಲ್ಲರಿಗೂ ಕೆಲಸ ಉಳಿಯಲಿಲ್ಲವಾದರೂ, ಹಾದಿ ಇದೆಯೆಂದು ಅದು ತೋರಿಸಿತು. ಸೇದುವವನನ್ನು ಕಾಪಾಡುವ ಕೆಲಸ ಕಟ್ಟುವವಳನ್ನು ಮರೆತರೆ ಅರ್ಧವೇ ಆದೀತು.

ಕೊನೆಯದಾಗಿ ನಮ್ಮ ಮಾತು. ಇದೆಲ್ಲ ಆರೋಗ್ಯ ಇಲಾಖೆಯ ಕೆಲಸ, ನಾವು ಓದಿ ಮರುಗುವವರು ಎಂದುಕೊಳ್ಳುವುದು ಸುಲಭ. ಆದರೆ ಮನೆಗೆ ಸಾಮಾನು ಹೊತ್ತು ತಂದವನಿಗೆ ಕೂಲಿಯ ಮೇಲೆ ಹತ್ತು ರೂಪಾಯಿ ಕೊಡುವಾಗ ನಾವು ಆಡುವ ಮಾತು ಯಾವುದು? ‘ಬೀಡಿಗೆ ಇಟ್ಕೊಳಪ್ಪ.’ ಕೆಲಸದವಳಿಗೆ ಚಿಲ್ಲರೆ ಕೊಡುವಾಗ? ‘ಎಲೆ ಅಡಿಕೆಗೆ ಆಯ್ತು.’ ಹಸಿದವರಿಗೆ ಊಟಕ್ಕೆಂದು ಕೊಡದೆ ಬೀಡಿಗೆಂದು ಕೊಡುವ ಈ ಮಾತು ನನ್ನ ಅಜ್ಜಿಯ ತಟ್ಟೆಯ ಮುಂದುವರಿಕೆಯೇ. ಜೊತೆಯಲ್ಲಿ ಕುಳಿತು ಬಿಡಿಸುವ ಕೆಲಸಕ್ಕೆ ನಾವೆಲ್ಲರೂ ಹೋಗಲಾರೆವು. ಆ ಮಾತನ್ನು ಬದಲಿಸಬಲ್ಲೆವು. ನಮ್ಮ ತೋಟದಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರಿಗೆ ಹೊತ್ತಿಗೆ ಸರಿಯಾಗಿ ಊಟ, ನಡುವೆ ವಿರಾಮ ಕೊಡಬಲ್ಲೆವು. ಅವರ ಪೈಕಿ ಒಬ್ಬರಾದರೂ ‘ಬಿಡಬೇಕು ಅಂತಿದ್ದೀನಿ’ ಎಂದಾಗ ನಗದೆ, ವಾರದ ಮೇಲೆ ಮರೆಯದೆ ‘ಹೇಗಿದೆ?’ ಎಂದು ಕೇಳಬಲ್ಲೆವು.

ಅಜ್ಜಿಯ ಆ ಮರದ ತಟ್ಟೆ ಇನ್ನೂ ನಮ್ಮ ಮನೆಯಲ್ಲಿದೆ. ಅದರಲ್ಲಿ ಏನನ್ನಿಟ್ಟು ಜಗಲಿಯ ಅಂಚಿಗೆ ಸರಿಸಬೇಕೆಂಬುದು ಈಗ ನನ್ನ ಪಾಲಿನ ತೀರ್ಮಾನ.

(ಬಾನುಲಿ ಭಾಷಣ)